ಮಕ್ಕಳ ಬೆನ್ನು ಬಗ್ಗಿಸಿ ನೋಡೋದು: ಉಡುಪಿಯ ಶಾಲೆಗಳಲ್ಲಿ ನನ್ನ ಅನುಭವ

ನಾನು ಉಡುಪಿಯಲ್ಲಿ ಫಿಸಿಯೋಥೆರಪಿಸ್ಟ್. ಬೆನ್ನುಮೂಳೆ ಓರೆಯಾಗೋ ಸ್ಕೋಲಿಯೋಸಿಸ್ ಕೇಸ್ ನಮ್ಮ ಹತ್ರ ಬರುವಾಗ ಹೆಚ್ಚಾಗಿ ತಡ ಆಗಿರ್ತದೆ, ಹುಡುಗಿ ಹತ್ತನೇ ಕ್ಲಾಸ್, ದೊಡ್ಡವಳಾಗಿ ಎರಡು ಮೂರು ವರ್ಷ ಕಳೆದಿರ್ತದೆ, ಎತ್ತರ ಬೆಳೆಯೋದೂ ಮುಗೀತಾ ಬಂದಿರ್ತದೆ, ಎಕ್ಸ್‌ರೇಯಲ್ಲಿ ಕರ್ವ್, ಅಂದ್ರೆ ಬೆನ್ನುಮೂಳೆಯ ಬಾಗು, 45-50 ಡಿಗ್ರಿ ಬಂತು ಅಂದ್ರೆ ಮತ್ತೆ ಆಪರೇಷನ್ ಮಾತೇ. ಅದಕ್ಕೇ ಪರಿಚಯದ ಶಾಲೆಗಳಲ್ಲಿ ಆರು, ಏಳು, ಎಂಟನೇ ಕ್ಲಾಸಿನ ಮಕ್ಕಳ ಬೆನ್ನು ನೋಡ್ಲಿಕ್ಕೆ ಶುರು ಮಾಡಿದೆ.

ಮನೆಯವರಿಗೆ ಯಾಕೆ ಗೊತ್ತಾಗುದಿಲ್ಲ ಅಂದ್ರೆ, ಒಂದು, ನೋವು ಇರೋದಿಲ್ಲ. ಇನ್ನೊಂದು, ಹತ್ತು ಹನ್ನೊಂದು ವರ್ಷ ಆದ್ಮೇಲೆ ಮಗಳು ತಾನೇ ಸ್ನಾನ ಮಾಡ್ತಾಳೆ, ಅಮ್ಮ ಎಣ್ಣೆ ಹಚ್ಚಿ ಬೆನ್ನು ತಿಕ್ಕೋದು ನಿಂತು ಹೋಗಿರ್ತದೆ, ಸರಿಯಾಗಿ ಅದೇ ವಯಸ್ಸಲ್ಲಿ ಕರ್ವ್ ಬೇಗ ಬೇಗ ಹೆಚ್ಚೋದು. ಎಷ್ಟೋ ಸಲ ಮೊದಲು ಹೇಳೋದು ಯೂನಿಫಾರ್ಮ್ ಹೊಲಿಯುವ ಟೈಲರ್, ಒಂದು ಭುಜ ಮೇಲೆ ಉಂಟಲ್ಲ ಅಂತ.

ಮೊದಲು ಮನೆಗೆ ಒಪ್ಪಿಗೆ ಪತ್ರ ಕಳಿಸ್ತೇವೆ. ಹುಡುಗಿಯರನ್ನು ನೋಡುವಾಗ ಬಾಗಿಲಿಗೆ ಪರದೆ, ಜೊತೆಗೆ ಒಬ್ಬರು ಟೀಚರ್ ಇರ್ಲೇಬೇಕು, ಇದರಲ್ಲಿ ನಾನು ರಾಜಿ ಮಾಡ್ಕೊಳ್ಳೋದಿಲ್ಲ. ಬರಿಗಾಲು, ಜಡೆ ಮುಂದಕ್ಕೆ. ನಿಂತಾಗ ಭುಜ, ಹೆಗಲ ಮೂಳೆ, ಕೈಗೂ ಸೊಂಟಕ್ಕೂ ನಡುವಿನ ಸಂದು ಎರಡೂ ಬದಿ ಒಂದೇ ಉಂಟಾ ಅಂತ ನೋಡ್ತೇನೆ. ಆಮೇಲೆ ಎರಡು ಅಂಗೈ ಜೋಡಿಸಿ, ಮಂಡಿ ನೇರ ಇಟ್ಟು, ನಿಧಾನಕ್ಕೆ ಬಗ್ಗಬೇಕು. ಇದು ಆಡಮ್ಸ್ ಟೆಸ್ಟ್. ನಾನು ಹಿಂದೆ ಕೂತು ಕಣ್ಣನ್ನು ಬೆನ್ನಿನ ಮಟ್ಟಕ್ಕೆ ತರ್ತೇನೆ, ಮೂಳೆ ತಿರುಚಿಕೊಂಡಿದ್ರೆ ಒಂದು ಬದಿಯ ಪಕ್ಕೆಲುಬು ಉಬ್ಬಿ ಕಾಣ್ತದೆ. ಅಲ್ಲಿ ಸ್ಕೋಲಿಯೋಮೀಟರ್ ಇಡೋದು, ಬೆನ್ನಿನ ಎರಡು ಬದಿ ಎಷ್ಟು ಏರುಪೇರು ಉಂಟು ಅಂತ ಅಳೆಯುವ ಸಣ್ಣ ಸಾಧನ ಅದು. 7 ಡಿಗ್ರಿ ಅಥವಾ ಹೆಚ್ಚು ಬಂದ್ರೆ ಎಕ್ಸ್‌ರೇಗೆ ಬರೆದು ಕೊಡ್ತೇನೆ, 5-6 ಬಂದ್ರೆ ಕೆಲವು ತಿಂಗಳು ಬಿಟ್ಟು ಪುನಃ ನೋಡ್ತೇನೆ. ಸ್ಟೂಲ್ ಮೇಲೆ ಕೂರಿಸಿ ಬಗ್ಗಿಸಿದಾಗ ಉಬ್ಬು ಮಾಯ ಆದ್ರೆ ಕಾಲಿನ ಉದ್ದದಲ್ಲೇ ವ್ಯತ್ಯಾಸ ಇರಬಹುದು, ಅದು ಬೇರೆ ಕೇಸ್.

ಹೆದರಬೇಡಿ ಮಾರಾಯ್ರೆ. ಈ ವಯಸ್ಸಿನ ನೂರು ಮಕ್ಕಳಲ್ಲಿ ಎರಡು ಮೂರು ಮಕ್ಕಳಿಗೆ 10 ಡಿಗ್ರಿ ದಾಟಿದ ಕರ್ವ್ ಇರ್ತದೆ, ಅವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆಯೇ ಬೇಡ. ಸ್ಕೂಲ್ ಬ್ಯಾಗಿನಿಂದ, ಮೊಬೈಲಿನಿಂದ ಬಂದದ್ದೂ ಅಲ್ಲ, ಹಾಗಾಗಿ ಮಗುವನ್ನು ಬೈಬೇಡಿ.

ಮಲ್ಪೆ ಕಡೆಯ ಒಬ್ಬಳು ಏಳನೇ ಕ್ಲಾಸಿನವಳು, ಭರತನಾಟ್ಯ ಕಲೀತಾ ಇದ್ದಳು, ಸ್ಕೋಲಿಯೋಮೀಟರಲ್ಲಿ 8, ಎಕ್ಸ್‌ರೇಯಲ್ಲಿ 27 ಡಿಗ್ರಿ, ಇನ್ನೂ ದೊಡ್ಡವಳಾಗಿರ್ಲಿಲ್ಲ, ಅಂದ್ರೆ ಬೆಳವಣಿಗೆ ಇಡೀ ಬಾಕಿ. ಆರ್ಥೋ ಡಾಕ್ಟ್ರು ಬ್ರೇಸ್ ಬರೆದ್ರು, ಅಂದ್ರೆ ಬೆನ್ನು ಹೆಚ್ಚು ಬಾಗದ ಹಾಗೆ ಮೈಗೆ ಕಟ್ಟುವ ಪ್ಲಾಸ್ಟಿಕ್ ಕವಚ. "ಮೇಡಂ, ನೋವೇ ಇಲ್ಲ ಅಂತಾಳೆ, ಮತ್ತೆ ಈ ಬೆಲ್ಟ್ ಎಂತಕ್ಕೆ?" ಅಂತ ಅಮ್ಮ ಕೇಳಿದ್ರು. ನಾನು ಹುಡುಗಿಯನ್ನು ಬಗ್ಗಿಸಿ ಅಮ್ಮನ ಎರಡೂ ಅಂಗೈಯನ್ನು ಬೆನ್ನಿನ ಎರಡು ಬದಿಗೆ ಇಡಿಸಿದೆ. ಬಲಗೈ ಮೇಲೆ ನಿಂತಿತು, ಎಡಗೈ ತಗ್ಗಿಗೆ ಇಳಿಯಿತು. ಮತ್ತೆ ಅವರು ಆ ಪ್ರಶ್ನೆ ಕೇಳ್ಲಿಲ್ಲ.

ಅಪ್ಪ ಮೊಬೈಲಲ್ಲಿ ಕೈರೋಪ್ರಾಕ್ಟಿಕ್ ವಿಡಿಯೋ ತೋರಿಸಿದ್ರು, ಲಟಕ್ ಅಂತ ಒತ್ತಿದ್ರೆ ಬೆನ್ನು ನೇರ ಆಗ್ತದಂತೆ ಹೌದಾ ಅಂತ. ಆ ಸದ್ದು ಕೀಲಿನೊಳಗಿನ ಗ್ಯಾಸಿನದ್ದು. ನಾನೂ ಕೈಯಿಂದ ಕೀಲು ಸಡಿಲಿಸುವ ಕೆಲಸ ಮಾಡ್ತೇನೆ, ಬಿಗಿತ, ನೋವು ಇದ್ದವರಿಗೆ ಆರಾಮ ಸಿಗ್ತದೆ, ಆದ್ರೆ ತಿರುಚಿಕೊಂಡೇ ಬೆಳೀತಾ ಇರೋ ಮೂಳೆ ಅದರಿಂದ ನೇರ ಆಗ್ತದೆ ಅಂತ ತೋರಿಸಿದ ಗಟ್ಟಿ ಅಧ್ಯಯನ ಇಲ್ಲ. ಬ್ರೇಸಿಗೆ ಉಂಟು. ಅಮೆರಿಕ, ಕೆನಡಾದಲ್ಲಿ ಮಾಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬ್ರೇಸ್ ಹಾಕಿದವರಲ್ಲಿ ನೂರಕ್ಕೆ 72 ಮಂದಿಯ ಕರ್ವ್ ಬೆಳವಣಿಗೆ ಮುಗಿಯುವ ತನಕ 50 ಡಿಗ್ರಿ ಮುಟ್ಟಲಿಲ್ಲ, ಹಾಕದೆ ಬರೀ ಗಮನಿಸಿದವರಲ್ಲಿ 48. ದಿನಕ್ಕೆ ಸುಮಾರು 13 ಗಂಟೆಗಿಂತ ಹೆಚ್ಚು ಹಾಕಿದವರಲ್ಲಿ ಹಾಗೆ ಪಾರಾದವರು ನೂರಕ್ಕೆ 90 ದಾಟಿದ್ರು. ಹಾಗಾಗಿ ಬೆಳೆಯುವ ತಿಂಗಳುಗಳನ್ನು ಲಟಕ್ ಅನ್ನಿಸೋದ್ರಲ್ಲಿ ಕಳೀಬೇಡಿ ಅಂತ ಅವರಿಗೆ ನೇರವಾಗಿಯೇ ಹೇಳಿದೆ.

ಬ್ರೇಸ್ ಸುಲಭ ಅಲ್ಲ. ನಮ್ಮ ಏಪ್ರಿಲ್-ಮೇ ಸೆಕೆಯಲ್ಲಿ ಪ್ಲಾಸ್ಟಿಕ್ ಒಳಗೆ ಬೆವರಿ ಚರ್ಮ ಕೆಂಪಾಗ್ತದೆ. ಒಳಗೆ ಹೊಲಿಗೆ ಒತ್ತದ, ಮೈಗಂಟುವ ಹತ್ತಿ ಬನಿಯನ್ ಹಾಕಿಸಿ, ದಿನಕ್ಕೆ ಎರಡು ಮೂರು ಸಲ ಬದಲಿಸಿ, ಸ್ನಾನಕ್ಕೆ, ಡ್ಯಾನ್ಸಿಗೆ ತೆಗೀಲಿ. ಜೊತೆಗೆ ಶ್ರಾತ್ ವ್ಯಾಯಾಮ, ಜರ್ಮನಿಯ ಕ್ಯಾಥರೀನಾ ಶ್ರಾತ್ ಶುರು ಮಾಡಿದ್ದು, ಕನ್ನಡಿ ಎದುರು ಕೂತು ತಗ್ಗಾದ ಬದಿಗೆ ಉಸಿರು ತುಂಬಿಸೋದನ್ನು ಕಲಿಸ್ತೇನೆ. ಆ ಮಲ್ಪೆಯ ಹುಡುಗಿಯ ಕರ್ವ್ ಈಗ ಹೆಚ್ಚು ಕಮ್ಮಿ ಅಷ್ಟರಲ್ಲೇ ನಿಂತಿದೆ, ಡ್ಯಾನ್ಸ್ ಬಿಟ್ಟಿಲ್ಲ.

ರಾತ್ರಿ ಎಚ್ಚರ ಆಗುವಷ್ಟು ನೋವು, ಕಾಲಿನಲ್ಲಿ ಶಕ್ತಿ ಕಮ್ಮಿ, ಅಥವಾ ಎದೆಯ ಮಟ್ಟದ ಕರ್ವ್ ಎಡಕ್ಕೆ ಇದ್ರೆ ನನ್ನ ಹತ್ರವೂ ಬರ್ಬೇಡಿ, ಸೀದಾ ಆರ್ಥೋ ಡಾಕ್ಟ್ರಿಗೆ ತೋರಿಸಿ, ಎಂಆರ್‌ಐ ಬೇಕಾಗಬಹುದು. ಈಗ ಪಿಟಿ ಟೀಚರ್‌ಗಳಿಗೂ ಈ ಬಗ್ಗಿಸುವ ಟೆಸ್ಟ್ ಕಲಿಸ್ತಾ ಇದ್ದೇನೆ, ನಿಮ್ಮ ಶಾಲೆಯಲ್ಲಿ ಬೇಕಿದ್ರೆ ಹೆಡ್‌ಮಾಸ್ಟರ್ ಹತ್ರ ಒಂದು ಮಾತು ಹೇಳಿಡಿ.