ಕುಂಡದಲ್ಲೇ ವ್ಯಾಮ್ ಶಿಲೀಂಧ್ರ ಬೆಳೆಸಿಕೊಳ್ಳಿ

ಎರಡು ಗಾಜಿನ ಲೋಟಕ್ಕೆ ನೀರು ತುಂಬಿ. ಬದುವಿನ ಹುಲ್ಲಿನ ಬುಡದಿಂದ ಒಂದು ಒಣ ಹೆಂಟೆ, ಉತ್ತ ಹೊಲದಿಂದ ಇನ್ನೊಂದು, ಎರಡೂ ನೆಲ್ಲಿಕಾಯಿ ಗಾತ್ರದ್ದು, ಮೆಲ್ಲಗೆ ಬಿಡಿ. ತುಮಕೂರು ಕಡೆಯ ನಮ್ಮ ಕೆಂಪು ಮಣ್ಣಿನಲ್ಲಿ ಹೊಲದ ಹೆಂಟೆ ಗುಳ್ಳೆ ಬಿಡುತ್ತಾ ಎರಡೇ ನಿಮಿಷಕ್ಕೆ ಕರಗಿ ಕೆಸರಾಯಿತು. ಬದುವಿನದ್ದು ಅರ್ಧ ಗಂಟೆಯಾದರೂ ಹಾಗೇ ಕೂತಿತ್ತು, ಮೇಲಿನ ನೀರೂ ತಿಳಿ. ನಡುವೆ ಇರೋದು ಹತ್ತು ಹೆಜ್ಜೆ ಅಷ್ಟೇ!

ಬದುವಿನ ಮಣ್ಣನ್ನು ಹಿಡಿದಿಟ್ಟಿದ್ದು ಹುಲ್ಲಿನ ಬೇರು, ಜೊತೆಗೆ ಬೇರಿನಲ್ಲಿ ಬದುಕುವ ಶಿಲೀಂಧ್ರ. ಮೈಕೊರೈಜಾ ಅಂತಾರೆ, ಪ್ಯಾಕೆಟ್ಟಿನಲ್ಲಿ ವ್ಯಾಮ್ ಅಂತ ಸಿಗೋದೂ ಇದೇ. ಕೂದಲಿಗಿಂತ ಎಷ್ಟೋ ಸಣ್ಣ ಎಳೆಗಳು ಬೇರಿನಿಂದ ಹೊರಟು ಮಣ್ಣಿನ ಕಣಗಳನ್ನು ಹೆಣೆಯುತ್ತವೆ. ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ. ಅದು ಬೇರಿಗೆ ಎಟುಕದ ರಂಜಕವನ್ನು (ಫಾಸ್ಫರಸ್) ತಂದುಕೊಡುತ್ತದೆ. ಮಣ್ಣು ಪುಡಿ ಮಾಡುವ ರೋಟವೇಟರ್ ಹೊಡೆದಷ್ಟೂ ಈ ಎಳೆಗಳು ತುಂಡಾಗುತ್ತವೆ. ನಾನು ಆರು ವರ್ಷ ಅದನ್ನೇ ಮಾಡಿದೆ. ಒಂದು ವರ್ಷ ಬಿತ್ತಿದ ಮೇಲೆ ಜೋರು ಮಳೆ ಬಂದು, ಮಣ್ಣು ಹೆಪ್ಪುಗಟ್ಟಿ, ರಾಗಿ ಮೊಳಕೆ ಮೇಲೇಳಲೇ ಇಲ್ಲ. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ.

ವ್ಯಾಮನ್ನು ಸಗಣಿ, ಗಂಜಲದ ಜೀವಾಮೃತದ ಹಾಗೆ ಡ್ರಮ್ಮಿನಲ್ಲಿ ಬೆಲ್ಲ ಹಾಕಿ ಬೆಳೆಸಲು ಆಗುವುದಿಲ್ಲ. ಅದಕ್ಕೆ ಜೀವಂತ ಬೇರೇ ಬೇಕು.

ಬದುವಿನ ಆರೋಗ್ಯವಾದ ಹುಲ್ಲಿನ ಬುಡದಿಂದ, ಬೇರು ಸಮೇತ, ಒಂದು ಕಿಲೋ ಮಣ್ಣು ತನ್ನಿ. ನಾಲ್ಕು ಕಿಲೋ ಮರಳು ಮಿಶ್ರಿತ ಬಡ ಮಣ್ಣಿಗೆ ಬೆರೆಸಿ ಕುಂಡಕ್ಕೆ ತುಂಬಿ. ರಂಜಕ ತುಂಬಿದ ಡಿಎಪಿ ರಸಗೊಬ್ಬರ ಹಾಕಲೇಬೇಡಿ. ರಂಜಕ ಸುಲಭವಾಗಿ ಸಿಕ್ಕರೆ ಗಿಡ ಈ ಶಿಲೀಂಧ್ರವನ್ನು ಅಷ್ಟಾಗಿ ಹತ್ತಿರ ಸೇರಿಸುವುದಿಲ್ಲ. ಜೋಳ ಅಥವಾ ರಾಗಿಯನ್ನು ಒತ್ತಾಗಿ ಬಿತ್ತಿ. ಸಾಸಿವೆ, ಕೋಸು, ದಂಟು ಬೇಡ, ಆ ಜಾತಿಯ ಬೇರುಗಳಿಗೂ ಇದಕ್ಕೂ ಹೊಂದುವುದಿಲ್ಲ.

ಮೂರು ತಿಂಗಳು ನೀರು ಕೊಡಿ. ಕೊನೆಯ ಹತ್ತು ದಿನ ನಿಲ್ಲಿಸಿಬಿಡಿ. ಒಣಗಿದ ಗಿಡವನ್ನು ಬುಡಕ್ಕೆ ಕೊಯ್ದು, ಕುಂಡ ಸುರಿದು, ಬೇರನ್ನು ಸಣ್ಣಗೆ ಕತ್ತರಿಸಿ ಅದೇ ಮಣ್ಣಿಗೆ ಕಲಸಿ. ಇದೇ ನಿಮ್ಮ ವ್ಯಾಮ್. ಗೋಣಿಚೀಲದಲ್ಲಿ ತುಂಬಿ ನೆರಳಲ್ಲಿಡಿ.

ಟೊಮೆಟೊ, ಮೆಣಸಿನ ಸಸಿ ನೆಡುವಾಗ ಗುಳಿಯೊಳಗೆ ಈ ಮಣ್ಣನ್ನು ಒಂದು ಹಿಡಿ ಹಾಕಿ, ಅದರ ಮೇಲೆ ಸಸಿ ಕೂರಿಸಿ. ಬೇರಿಗೆ ತಾಗಲೇಬೇಕು. ಸುಮ್ನೆ ಮೇಲೆ ಚೆಲ್ಲಿದರೆ ಪ್ರಯೋಜನ ಕಮ್ಮಿ. ಕೊಯ್ಲಾದ ಮೇಲೆ ನೆಲ ಖಾಲಿ ಬಿಡದೆ ಹುರುಳಿ ಚೆಲ್ಲಿ, ಮುಂದಿನ ಬೆಳೆ ಬರುವ ತನಕ ವ್ಯಾಮ್ ಬದುಕೋಕೆ ಬೇರು ಇರಲಿ.