ಮಕ್ಕಳ ಐತಿಹಾಸಿಕ ಕಾದಂಬರಿಗೆ ಇತಿಹಾಸ ಹುಡ್ಕೋದು ಹ್ಯಾಂಗ? ನಮ್ಮ ಬೀದರ್ ಇಟ್ಕೊಂಡೇ ನೋಡ್ರಿ

ಮಕ್ಕಳಿಗೆ ಐತಿಹಾಸಿಕ ಕಾದಂಬರಿ ಬರೀಬೇಕಂತ ಕುಂತವ್ರು ಮೊದ್ಲು ಸುಲ್ತಾನರ ಪಟ್ಟಿ, ಯುದ್ಧದ ಇಸ್ವಿ ಬರ್ಕೊಳ್ತಾರ. ಅದಕ್ಕ ಒಂದು ಹಾಳಿ ಸಾಕ್ರಿ. ಓದೋ ಹುಡುಗಿಗೆ ಬೇಕಾಗಿದ್ದು, ಆಗ ತನ್ನ ವಾರಿಗಿಯವ್ರು ಮುಂಜಾನೆ ಏನು ತಿಂತಿದ್ರು, ನೀರು ಎಲ್ಲಿಂದ ತರ್ತಿದ್ರು, ಯಾರಿಗೆ ಅಂಜ್ತಿದ್ರು ಅನ್ನೋದು.

ಅದಕ್ಕ ಒಂದೇ ಊರು, ಒಂದೇ ವರ್ಷ ಹಿಡೀರಿ. "ಬಹಮನಿ ಕಾಲ" ಅಂದ್ರ ಭಾಳ ದೊಡ್ಡದಾಯ್ತು, 1347ಕ್ಕ ಶುರುವಾಗಿ ಒಂದೂವರೆ ನೂರು ವರ್ಷದ ಮ್ಯಾಲ ನಡ್ದದ, ನಡುವ ರಾಜಧಾನಿನೇ ಕಲಬುರಗಿಯಿಂದ ಬೀದರ್‌ಗೆ ಹೋಗ್ಯದ. ಬೀದರ್, 1472 ಅಂತ ಇಟ್ಕೊಳ್ರಿ, ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನನ ಮದರಸಾ ಎದ್ದ ಹೊತ್ತು.

ಈಗ ನಿಮ್ಮ ಹುಡುಗನ ತಾಟಿನಾಗ ಏನದ ನೋಡ್ರಿ. ಜೋಳದ ರೊಟ್ಟಿ, ತೊಗರಿಬ್ಯಾಳಿ ಇರ್ಲಿ. ಕೆಂಪು ಖಾರ, ಶೇಂಗಾ ಹಿಂಡಿ, ಟೊಮ್ಯಾಟೊ, ಆಲೂಗಡ್ಡಿ ತೆಗೀರಿ, ಇವೆಲ್ಲ ಅಮೆರಿಕದ ಕಡಿಯಿಂದ ಬಂದವು, ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದಿದ್ದೇ 1498ಕ್ಕ. ಖಾರಕ್ಕ ಕರಿಮೆಣಸು, ಹಿಂಡಿಗೆ ಎಳ್ಳು ಇಲ್ಲಾ ಅಗಸಿ ಹಾಕ್ರಿ. ಮುದುಕರ ಕೈಯಾಗ ಬಿದ್ರಿ ಹುಕ್ಕಾ ಕೊಡಬ್ಯಾಡ್ರಿ, ತಂಬಾಕೂ ಆಮ್ಯಾಲೇ ಬಂದದ್ದು. ಇಂಥ ಒಂದೊಂದು ಸಾಮಾನಿನ ಮುಂದೂ "ಆಗ ಇತ್ತೇನು?" ಅಂತ ಬರ್ದು ಗೆಜೆಟಿಯರ್ (ಜಿಲ್ಲೆ ಮಾಹಿತಿ ಇರೋ ಸರ್ಕಾರಿ ಪುಸ್ತಕ), ಇತಿಹಾಸದ ಪುಸ್ತಕದಾಗ ಹುಡ್ಕ್ರಿ.

ಕಣ್ಣಾರೆ ಕಂಡವ್ರು ಬರ್ದದ್ದು ಸಿಕ್ರ ಬಿಡಬ್ಯಾಡ್ರಿ. ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ 1470ರ ಆಸುಪಾಸು ಬೀದರ್‌ನಾಗ ಇದ್ದ, ದೂರದಿಂದ ತಂದ ಕುದುರಿ ಇಲ್ಲೇ ಮಾರ್ದ, ಓಣಿಯಾಗ ಉದ್ದುದ್ದ ಹಾವು ಹರಿದಾಡ್ತಾವಂತ ಬರ್ದಾನ, ಶ್ರೀಮಂತರನ್ನ ಬೆಳ್ಳಿ ಮಂಚದ ಮ್ಯಾಲ ಹೊತ್ಕೊಂಡ್ ಹೋಗ್ತಾರ, ಹಳ್ಳಿ ಮಂದಿ ಭಾಳ ಬಡವರು ಅಂತನೂ ಬರ್ದಾನ. ಇಷ್ಟರಾಗೇ ಒಂದು ಅಧ್ಯಾಯ ಆಗ್ತದ! ಪರ್ಷಿಯನ್ ಭಾಷಾದಾಗ ಬರ್ದ ಇತಿಹಾಸಕಾರ ಫರಿಶ್ತಾನ ಚರಿತ್ರೆನೂ ಓದ್ರಿ, ಆದ್ರ ಅಂವ ಬರ್ದದ್ದು 1481ರಾಗ ಗವಾನನ ಕೊಲೆ ಆಗಿ ನೂರು ವರ್ಷ ದಾಟಿದ ಮ್ಯಾಲ, ಅದಕ್ಕ ಅಂವ ಬರ್ದ ಮಾತುಕತಿ ಎಲ್ಲಾ ಹಂಗಂಗೇ ಎತ್ತಿ ಇಡಬ್ಯಾಡ್ರಿ.

ಆಮ್ಯಾಲ ಜಾಗಕ್ಕ ಹೋಗ್ರಿ, ಫೋಟೋ ನೋಡಿ ಬರೀಬ್ಯಾಡ್ರಿ. ಮದರಸಾದ ಮುಂದ ಈಗ ಒಂದೇ ಮಿನಾರ್ ನಿಂತದ, ಗೋಡಿ ಮ್ಯಾಲ ನೀಲಿ ಹಂಚು ಅಲ್ಲಲ್ಲಿ ಅಷ್ಟೇ ಉಳ್ದಾವ. ಔರಂಗಜೇಬನ ಕಾಲದಾಗ ಮದ್ದು ಸಿಡಿದು ಮುಂದಿನ ಭಾಗ ಬಿದ್ದದ್ದು. ನಿಮ್ಮ ಕಥಿಯಾಗ ಎರಡೂ ಮಿನಾರ್ ನಿಂತಿರ್ಬೇಕು, ಹಂಚು ಹೊಸಾದಾಗಿ ಹೊಳೀಬೇಕು. ಉಳ್ದಿರೋ ಹಂಚಿನ ಹತ್ರ ಹೋಗಿ ಬಣ್ಣ ಯಾವ್ಯಾವು, ಬಿಸಿಲು ಬಿದ್ರ ಹ್ಯಾಂಗ ಕಾಣ್ತಾವ ಅಂತ ಅಲ್ಲೇ ನಿಂತು ಬರ್ಕೊಳ್ರಿ. ನೌಬಾದ್ ಕಡಿ ಕರೇಜ್ ಸುರಂಗ ನೋಡ್ರಿ, ನೆಲದಡಿ ನೀರು ಹರಿಸೋ ಆ ವ್ಯವಸ್ಥಾ ಅಂದ್ರ ಮಕ್ಕಳು ಬಾಯಿ ಬಿಟ್ಕೊಂಡ್ ಕೇಳ್ತಾವ.

ಮಾತು ಇವತ್ತಿನ ಮಕ್ಕಳಿಗೆ ತಿಳಿಯೋ ಕನ್ನಡದಾಗೇ ಇರ್ಲಿ, ಹಳಗನ್ನಡ ತುರುಕಬ್ಯಾಡ್ರಿ.

ಕಡೀಕ ಪುಸ್ತಕದ ಹಿಂದ ಒಂದು ಪುಟ ಬಿಡ್ರಿ, ಗವಾನ್, ನಿಕಿತಿನ್, ಮದರಸಾ ಖರೇ ಇದ್ವು, ಹುಡುಗ, ಅವನ ಅಕ್ಕ, ಅವರ ಆಡು ನಾನು ಕಟ್ಟಿದ್ದು ಅಂತ ಮಕ್ಕಳಿಗೆ ಸೀದಾ ಹೇಳ್ರಿ.