ಕೇದಾರತಾಲ್‌ಗೆ ಹೊರಟವರು ಎರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಿ

ಕುಮಾರ ಪರ್ವತವನ್ನು ಒಂದೇ ದಿನದಲ್ಲಿ ಹತ್ತಿ ಇಳಿದು ಬಂದ ಹುಡುಗರು "ಮೇಡಂ, ಇನ್ನು ಹಿಮಾಲಯಕ್ಕೆ ನಾವು ರೆಡಿ" ಅನ್ನುತ್ತಾರೆ. ಕಾಲು ರೆಡಿ ಇರುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಕುಮಾರ ಪರ್ವತದ ತುದಿ 1,712 ಮೀಟರ್. ನಮ್ಮ ರಾಜ್ಯದಲ್ಲೇ ಅತಿ ಎತ್ತರದ ಮುಳ್ಳಯ್ಯನಗಿರಿ 1,925 ಮೀಟರ್. ಕೇದಾರತಾಲ್ ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯಲ್ಲಿರುವ ಸರೋವರ, ತಾಲ್ ಅಂದರೆ ಸರೋವರ. ಅಲ್ಲಿಗೆ ನಡಿಗೆ ಶುರುವಾಗುವ ಗಂಗೋತ್ರಿಯೇ 3,000 ಮೀಟರ್ ದಾಟಿದೆ, ಸರೋವರ ಇರುವುದು ಸುಮಾರು 4,750 ಮೀಟರಿನಲ್ಲಿ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಮಂಗಳೂರಿನ ಕಡಲ ದಂಡೆಯಲ್ಲಿ ಸಿಗುವುದರ ಶೇ. 60 ಕೂಡ ಇಲ್ಲ. ಕಾಲಿನ ಬಲ ಬೇರೆ, ಎತ್ತರಕ್ಕೆ ಮೈ ಒಗ್ಗುವುದು ಬೇರೆ. ಮ್ಯಾರಥಾನ್ ಓಡುವವರಿಗೂ ತಲೆನೋವು ಹಿಡಿಯುತ್ತದೆ, ದಿನಾ ವಾಕಿಂಗ್ ಮಾತ್ರ ಮಾಡುವ ಗೃಹಿಣಿ ಆರಾಮಾಗಿ ಹತ್ತಿಬಿಡುತ್ತಾರೆ. ಯಾರಿಗೆ ಹೇಗೆ ಎಂದು ಮೊದಲೇ ಹೇಳಲು ಬರುವುದಿಲ್ಲ. ಒಗ್ಗಲು ಬೇಕಾದದ್ದು ಸಮಯ, ಅದನ್ನು ರಜೆಯ ಲೆಕ್ಕದಲ್ಲಿ ಮೊದಲೇ ಸೇರಿಸಬೇಕು.

ನಾನು ಶಿವಮೊಗ್ಗದ ಕಡೆಯವಳು, ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಹಿಮಾಲಯದ ತಾಲ್‌ಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಇದು. ಇಷ್ಟವಾದದ್ದಕ್ಕೇ ಇಲ್ಲಿಗೆ ಅವಸರದಲ್ಲಿ ಹೋಗಬೇಡಿ ಎಂದು ಎಲ್ಲರಿಗೂ ಹೇಳುತ್ತಿರುತ್ತೇನೆ. 2024ರ ಜೂನ್ ಮೊದಲ ವಾರ ಇದೇ ಉತ್ತರಕಾಶಿ ಜಿಲ್ಲೆಯ ಸಹಸ್ರತಾಲ್‌ನಿಂದ ಮರಳುತ್ತಿದ್ದ ಕರ್ನಾಟಕದ ಚಾರಣಿಗರ ತಂಡ ಹಿಮಗಾಳಿಗೆ ಸಿಕ್ಕಿ 9 ಮಂದಿ ತೀರಿಕೊಂಡರು. ಅವರಲ್ಲಿ ಅನುಭವಿಗಳಿದ್ದರು, ಬೆಟ್ಟವನ್ನು ಪ್ರೀತಿಸಿದವರಿದ್ದರು. ಅವರ ತಪ್ಪು ಹುಡುಕುವುದಕ್ಕೆ ಇದನ್ನು ಬರೆಯುತ್ತಿಲ್ಲ. ಅಷ್ಟು ಎತ್ತರದಲ್ಲಿ ಜೂನ್ ತಿಂಗಳಲ್ಲೂ ಕೆಲವೇ ಗಂಟೆಯಲ್ಲಿ ಹವೆ ಹಾಗೆ ತಿರುಗುತ್ತದೆ ಎನ್ನುವುದನ್ನು ಹೊರಡುವ ಪ್ರತಿಯೊಬ್ಬರೂ ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು.

ಯಾವಾಗ ಹೋಗಬೇಕು? ಗಂಗೋತ್ರಿಯ ದೇವಸ್ಥಾನ ಅಕ್ಷಯ ತೃತೀಯಕ್ಕೆ ಬಾಗಿಲು ತೆರೆದು ದೀಪಾವಳಿಯ ಹೊತ್ತಿಗೆ ಮುಚ್ಚುತ್ತದೆ. ಅಷ್ಟರೊಳಗೆ ಎರಡು ಕಾಲ ಚೆನ್ನ: ಮೇ ಕೊನೆಯಿಂದ ಜೂನ್ ಮಧ್ಯದವರೆಗೆ, ಆಮೇಲೆ ಸೆಪ್ಟೆಂಬರ್ ಎರಡನೇ ವಾರದಿಂದ ಅಕ್ಟೋಬರ್ ಮೊದಲ ವಾರದವರೆಗೆ. ನನ್ನ ಆಯ್ಕೆ ಸೆಪ್ಟೆಂಬರ್. ಮಳೆ ತೊಳೆದ ಆಕಾಶ ಇರುತ್ತದೆ, ಸರೋವರದ ನೀರು ಹೆಪ್ಪು ಬಿಟ್ಟಿರುತ್ತದೆ. ಮೇನಲ್ಲಿ ಹೋದರೆ ದಾರಿಯಲ್ಲಿ ಹಿಮ ತುಳಿಯುವುದು ಸಿಗುತ್ತದೆ, ತಾಲ್ ಮಾತ್ರ ಅರ್ಧ ಹೆಪ್ಪುಗಟ್ಟಿಯೇ ಇರಬಹುದು. ಜುಲೈ, ಆಗಸ್ಟ್ ಬೇಡವೇ ಬೇಡ. 2025ರ ಆಗಸ್ಟ್ 5ರಂದು ಹರ್ಸಿಲ್ ಹತ್ತಿರದ ಧರಾಲಿ ಊರಿನ ಮೇಲೆ ಬಂದ ಕೆಸರಿನ ಪ್ರವಾಹವನ್ನು ನೀವೂ ವಿಡಿಯೋಗಳಲ್ಲಿ ನೋಡಿರುತ್ತೀರಿ. ಗಂಗೋತ್ರಿಗೆ ಹೋಗುವುದು ಅದೇ ರಸ್ತೆ.

ಬೆಂಗಳೂರಿನಿಂದ ಡೆಹ್ರಾಡೂನ್‌ಗೆ ವಿಮಾನ, ಅಲ್ಲಿಂದ ಟ್ಯಾಕ್ಸಿಯಲ್ಲೋ ಶೇರ್ ಜೀಪಿನಲ್ಲೋ ಉತ್ತರಕಾಶಿ. ರೈಲಿನವರು ಹರಿದ್ವಾರಕ್ಕೆ ಬಂದು ಋಷಿಕೇಶದ ಮೇಲೆ ಹೋಗಬಹುದು. ಉತ್ತರಕಾಶಿಯಲ್ಲಿ ರಾತ್ರಿ ಉಳಿದು, ಬೆಳಿಗ್ಗೆ ಗಂಗೋತ್ರಿ ರಾಷ್ಟ್ರೀಯ ಉದ್ಯಾನದ ಪರವಾನಗಿ ಮಾಡಿಸಿಕೊಳ್ಳಿ. ತಾಲ್ ಇರುವುದು ಆ ಉದ್ಯಾನದೊಳಗೆ. ಗುರುತಿನ ಚೀಟಿಯ ನಕಲು ನಾಲ್ಕೈದು ಇರಲಿ, ಭಾನುವಾರವೋ ಹಬ್ಬದ ದಿನವೋ ಅಲ್ಲಿಗೆ ತಲುಪುವ ಹಾಗೆ ಟಿಕೆಟ್ ಮಾಡಬೇಡಿ. ಸ್ಥಳೀಯ ಗೈಡನ್ನೂ ಹೊರೆಯಾಳನ್ನೂ ಉತ್ತರಕಾಶಿಯಲ್ಲೇ ಗೊತ್ತುಮಾಡಿಕೊಳ್ಳಬಹುದು. ಗೈಡ್ ಇಲ್ಲದೆ ಈ ದಾರಿಗೆ ಇಳಿಯಬೇಡಿ. ಮೇಲಿನ ಭಾಗದಲ್ಲಿ ಬಂಡೆಗಳ ನಡುವೆ ದಾರಿಯೇ ಕಾಣುವುದಿಲ್ಲ, ಕಲ್ಲಿನ ಮೇಲೆ ಕಲ್ಲು ಇಟ್ಟ ಗುರುತುಗಳಷ್ಟೇ ಇರುತ್ತವೆ. ಮಂಜು ಮುಸುಕಿದರೆ ಅವೂ ಕಾಣವು.

ಈಗ ಎತ್ತರದ ಲೆಕ್ಕಕ್ಕೆ ಬನ್ನಿ, ಇಡೀ ಯೋಜನೆ ನಿಂತಿರುವುದು ಇದರ ಮೇಲೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ಒಂದು ರಾತ್ರಿಗೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ಒಂದು ದಿನ ನಿಲ್ಲಬೇಕು. ಎತ್ತರದ ಕಾಯಿಲೆ ಬಲ್ಲ ವೈದ್ಯರೆಲ್ಲ ಹೇಳುವ ಮಾತು ಇದು. ಕೇದಾರತಾಲ್ ದಾರಿ ಈ ನಿಯಮಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಗಂಗೋತ್ರಿಯಿಂದ ಮೊದಲ ಬಿಡಾರ ಭೋಜಖರಕ್ ಸುಮಾರು 3,780 ಮೀಟರ್, ಅಂದರೆ ಮೊದಲ ದಿನವೇ 650 ಮೀಟರಿಗೂ ಹೆಚ್ಚು ಏರು. ಎರಡನೆಯದು ಕೇದಾರಖರಕ್, ಸುಮಾರು 4,270. ಮೂರನೆಯ ದಿನ ತಾಲ್. ಇಷ್ಟನ್ನು ಗಂಗೋತ್ರಿಗೆ ಬಂದ ಮರುಬೆಳಿಗ್ಗೆಯೇ ಶುರುಮಾಡುವ ತಂಡಗಳಿವೆ, ಕಾಯಿಲೆ ಬೀಳುವವರು ಹೆಚ್ಚಾಗಿ ಅಂಥ ತಂಡಗಳಲ್ಲೇ.

ಆದ್ದರಿಂದ ಹೀಗೆ ಮಾಡಿ. ಉತ್ತರಕಾಶಿಯಿಂದ ಹೊರಟ ದಿನ ನೇರ ಗಂಗೋತ್ರಿಗೆ ಹೋಗದೆ ಹರ್ಸಿಲ್‌ನಲ್ಲಿ ಉಳಿಯಿರಿ. ಅದು 2,600 ಮೀಟರ್ ಆಸುಪಾಸಿನ ಊರು, ದೇವದಾರು ಮತ್ತು ಸೇಬಿನ ತೋಟಗಳ ನಡುವೆ ಒಂದು ಸಂಜೆ ನಡೆದಾಡಿದರೆ ಮೈಗೂ ಹಿತ. ಮರುದಿನ ಗಂಗೋತ್ರಿ. ಅಲ್ಲಿ ಎರಡು ರಾತ್ರಿ. ನಡುವಿನ ದಿನ ಕೋಣೆಯಲ್ಲಿ ಮಲಗಿರಬೇಡಿ, ಪಾಂಡವ ಗುಹೆಯವರೆಗೆ ಹೋಗಿ ಬನ್ನಿ, ಇಲ್ಲವೇ ಕೇದಾರತಾಲ್ ದಾರಿಯಲ್ಲೇ ಒಂದೂವರೆ ಗಂಟೆ ಏರಿ ಇಳಿಯಿರಿ. ಹಗಲು ಮೇಲೆ ಹೋಗಿ ರಾತ್ರಿ ಕೆಳಗೆ ಮಲಗುವುದರಿಂದ ಮೈ ಬೇಗ ಒಗ್ಗುತ್ತದೆ. ಭೋಜಖರಕ್‌ನಲ್ಲೂ ಎರಡು ರಾತ್ರಿ ಇದ್ದರೆ ಇನ್ನೂ ಒಳ್ಳೆಯದು. ಇದರ ಮೇಲೆ ಹವೆಗೆಂದು ಒಂದು ದಿನ ಕೈಯಲ್ಲಿ ಇರಲಿ. ತಲೆಬರಹದಲ್ಲಿ ನಾನು ಹೇಳಿದ ಎರಡು ದಿನ ಇವೇ, ಭೋಜಖರಕ್‌ನದೊಂದು, ಹವೆಯದೊಂದು. "ಅಷ್ಟು ರಜೆ ಸಿಗಲ್ಲ" ಅನ್ನುವವರಿಗೆ ನನ್ನ ಉತ್ತರ: ಹಾಗಾದರೆ ಈ ವರ್ಷ ಹರ್ಸಿಲ್, ಗಂಗೋತ್ರಿ ನೋಡಿ ಬನ್ನಿ, ತಾಲ್ ಎಲ್ಲಿಗೂ ಹೋಗುವುದಿಲ್ಲ.

ಲಕ್ಷಣಗಳನ್ನು ಬಾಯಿಪಾಠ ಮಾಡಿಕೊಳ್ಳಿ. ತಲೆನೋವು, ಊಟ ಸೇರದಿರುವುದು, ವಾಕರಿಕೆ, ವಿಪರೀತ ಸುಸ್ತು, ಇವು ಮೊದಲ ಹಂತ. ಅಲ್ಲೇ ನಿಲ್ಲಬೇಕು, ಒಂದು ಹೆಜ್ಜೆಯೂ ಮೇಲಕ್ಕಿಲ್ಲ. ಕಡಿಮೆಯಾಗದಿದ್ದರೆ ಇಳಿಯಬೇಕು. ಸುಮ್ಮನೆ ಕೂತಾಗಲೂ ಏದುಸಿರು, ಬಿಡದ ಕೆಮ್ಮು, ನೊರೆ ಕಫ ಬಂದರೆ ಶ್ವಾಸಕೋಶಕ್ಕೆ ನೀರು ಇಳಿಯುತ್ತಿದೆ ಎಂದು ಅರ್ಥ. ಮಾತು ತೊದಲುವುದು, ಗೊಂದಲ, ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ನೇರ ನಡೆಯಲು ಆಗದಿರುವುದು ಮಿದುಳು ಊದುತ್ತಿರುವುದರ ಗುರುತು. ಇವೆರಡರಲ್ಲಿ ಯಾವುದು ಕಂಡರೂ ನಡುರಾತ್ರಿಯಾದರೂ ಇಳಿಸಬೇಕು. ಬೆಳಗಾಗಲಿ ಎಂದು ಕಾಯಬಾರದು. ಕೇದಾರಖರಕ್‌ನಿಂದ ಗಂಗೋತ್ರಿ 12 ಕಿ.ಮೀ., ಅಲ್ಲಿಂದ ಉತ್ತರಕಾಶಿಯ ಜಿಲ್ಲಾ ಆಸ್ಪತ್ರೆ ಸುಮಾರು 100 ಕಿ.ಮೀ. ನಡೆಯಲಾಗದವರನ್ನು ಆ 12 ಕಿ.ಮೀ. ಹೊತ್ತೇ ಇಳಿಸಬೇಕಾಗುತ್ತದೆ. ಆದ್ದರಿಂದ ಕಾಲು ನಡೆಯುತ್ತಿರುವಾಗಲೇ ಹೇಳಿಬಿಡಿ. ನಮ್ಮವರಿಗೆ ಇಲ್ಲೊಂದು ಸಂಕೋಚ: "ನನ್ನಿಂದ ಎಲ್ಲರಿಗೂ ತೊಂದರೆ ಯಾಕೆ" ಎಂದು ತಲೆನೋವನ್ನು ಮುಚ್ಚಿಡುತ್ತಾರೆ, ಅದರಲ್ಲೂ ಹೆಣ್ಣುಮಕ್ಕಳು. ನನ್ನ ಜೊತೆ ಬರುವವರನ್ನು ದಿನಕ್ಕೆರಡು ಸಲ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಕೇಳುತ್ತೇನೆ. ಗುಂಪಿನಲ್ಲಿ ಕೇಳಿದರೆ ಎಲ್ಲರದೂ "ಆರಾಮ್" ಎಂಬ ಒಂದೇ ಉತ್ತರ.

ಎತ್ತರದ ಕಾಯಿಲೆಗೆ ಕೊಡುವ ಡೈಮಾಕ್ಸ್ ಮಾತ್ರೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ತಡೆಗೆಂದು ಸಾಮಾನ್ಯವಾಗಿ 125 ಮಿ.ಗ್ರಾಂ. ದಿನಕ್ಕೆರಡು ಬಾರಿ, ಏರುವ ಹಿಂದಿನ ದಿನದಿಂದ ಕೊಡುತ್ತಾರೆ. ನಿಮ್ಮ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ. ಸಲ್ಫಾ ಔಷಧ ಆಗದವರು ಅದನ್ನು ಮೊದಲೇ ಹೇಳಬೇಕು. ಬೆರಳು ಜುಮ್ಮೆನ್ನುತ್ತದೆ, ಮೂತ್ರ ಹೆಚ್ಚು, ಗಾಬರಿಯಾಗಬೇಡಿ. ಒಗ್ಗುವುದಕ್ಕೆ ಅದು ನೆರವಾಗುತ್ತದೆ, ಒಗ್ಗುವ ದಿನಗಳನ್ನು ಉಳಿಸಿಕೊಡುವುದಿಲ್ಲ. ರಾತ್ರಿ ನಿದ್ದೆಯಲ್ಲಿ ಉಸಿರು ನಿಂತಂತಾಗಿ ದಿಗ್ಗನೆ ಎಚ್ಚರವಾಗುವುದು ಆ ಎತ್ತರದಲ್ಲಿ ಸಾಮಾನ್ಯ. ಅದಕ್ಕೆಂದು ನಿದ್ದೆ ಮಾತ್ರೆ ನುಂಗಬೇಡಿ, ಮದ್ಯವಂತೂ ಬೇಡ.

ಮನೆಯಲ್ಲಿ ತಯಾರಿ ಮೂರು ತಿಂಗಳು. ಎಂಟು ಕೆ.ಜಿ. ಚೀಲ ಹೊತ್ತು ಮೆಟ್ಟಿಲು ಹತ್ತಿ ಇಳಿಯಿರಿ. ಇಳಿಯುವುದನ್ನು ಮರೆಯಬೇಡಿ, ಈ ದಾರಿಯಲ್ಲಿ ಮಂಡಿ ಹೋಗುವುದು ಇಳಿತದಲ್ಲೇ. ಹೊಸ ಬೂಟನ್ನು ನಮ್ಮ ಮಳೆಯಲ್ಲೇ ತುಳಿದು ಹದ ಮಾಡಿಕೊಳ್ಳಿ. ಹತ್ತಿ ಬಟ್ಟೆ, ಜೀನ್ಸ್ ಬೇಡ, ಒದ್ದೆಯಾದರೆ ಒಣಗುವುದಿಲ್ಲ, ಮೈಯ ಶಾಖವನ್ನೂ ಎಳೆದುಕೊಳ್ಳುತ್ತದೆ. ಬೆವರು ಒಣಗುವ ಟೀ ಶರ್ಟು, ಮೇಲೊಂದು ಫ್ಲೀಸ್, ಅದರ ಮೇಲೆ ದಪ್ಪ ಜಾಕೆಟ್, ಎಲ್ಲದರ ಮೇಲೆ ಮಳೆಕೋಟು. ಮೈನಸ್ 10 ಡಿಗ್ರಿಗೆ ಆಗುವ ಮಲಗುವ ಚೀಲ ಬೆಂಗಳೂರಿನಲ್ಲೇ ಬಾಡಿಗೆಗೆ ಸಿಗುತ್ತದೆ. ಕಪ್ಪು ಕನ್ನಡಕ ಕಡ್ಡಾಯ. ಫೋನು, ಟಾರ್ಚಿನ ಬ್ಯಾಟರಿಯನ್ನು ರಾತ್ರಿ ಮಲಗುವ ಚೀಲದೊಳಗೇ ಇಟ್ಟುಕೊಳ್ಳಿ, ಚಳಿಗೆ ಬೇಗ ಇಳಿದುಹೋಗುತ್ತದೆ. ಹೆಣ್ಣುಮಕ್ಕಳು ದಿನ ಮುಂದಿದ್ದರೂ ಪ್ಯಾಡ್ ಇಟ್ಟುಕೊಳ್ಳಿ, ಎತ್ತರದಲ್ಲಿ ಲೆಕ್ಕ ತಪ್ಪುವುದುಂಟು. ಬಳಸಿದ್ದನ್ನು ಜಿಪ್ ಚೀಲದಲ್ಲಿ ಹಾಕಿ ಕೆಳಗೇ ತನ್ನಿ.

ತಿನ್ನುವುದರಲ್ಲಿ ನಮಗೊಂದು ಅನುಕೂಲವಿದೆ. ಕೇದಾರಖರಕ್‌ನಲ್ಲಿ ನೀರು ಸುಮಾರು 86 ಡಿಗ್ರಿಗೇ ಕುದಿಯುತ್ತದೆ, ಕುಕ್ಕರಿಲ್ಲದೆ ಅಕ್ಕಿ ಬೇಯದು, ಬೇಳೆಯಂತೂ ಕಲ್ಲು. ಅವಲಕ್ಕಿಗೆ ಬೇಯಿಸುವ ಗೋಜೇ ಇಲ್ಲ. ಮನೆಯಲ್ಲೇ ಗೊಜ್ಜವಲಕ್ಕಿ ಪುಡಿ ಮಾಡಿಕೊಂಡು ಹೋಗಿ, ಬಿಸಿನೀರು ಹಾಕಿ ಮುಚ್ಚಿಟ್ಟರೆ ಹತ್ತು ನಿಮಿಷ. ಹುರಿಹಿಟ್ಟು, ಶೇಂಗಾ ಚಿಕ್ಕಿ, ಹುರಿದ ರವೆಯ ಉಪ್ಪಿಟ್ಟು, ಸ್ವಲ್ಪ ನಿಂಬೆ ಉಪ್ಪಿನಕಾಯಿ. ಬಾಯಿ ರುಚಿ ಸತ್ತಾಗ ಆ ಉಪ್ಪಿನಕಾಯಿಯ ಒಂದು ಹೋಳು ಮಾಡುವ ಉಪಕಾರ ದೊಡ್ಡದು. ನಮ್ಮ ಗೈಡ್ "ದೀದಿ, ವೋ ಖಟ್ಟಾ ವಾಲಾ ಪೋಹಾ" ಎಂದು ಕೇಳಿ ಹಾಕಿಸಿಕೊಳ್ಳುತ್ತಿದ್ದರು. ನೀರು ದಿನಕ್ಕೆ ಮೂರರಿಂದ ನಾಲ್ಕು ಲೀಟರ್, ಕುದಿಸಿಯೇ.

ದಾರಿ ಗಂಗೋತ್ರಿಯಲ್ಲಿ ಭಾಗೀರಥಿಯ ಆಚೆ ದಡದಿಂದ, ಕೇದಾರಗಂಗೆಯ ಕಂದರದ ಅಂಚಿನಲ್ಲೇ ಏರುತ್ತದೆ. ಮೊದಲ ದಿನದ 8 ಕಿ.ಮೀ. ಎಡೆಬಿಡದ ಏರು. ಮಾತಾಡುತ್ತಾ ನಡೆಯಲು ಆಗುವಷ್ಟೇ ವೇಗ ಇರಲಿ. ಮಾತು ಕಡಿದರೆ ನೀವು ಜೋರಾಗಿ ಹೋಗುತ್ತಿದ್ದೀರಿ. ಮೇಲೆ ಮೇಲೆ ಹೋದಂತೆ ಬಿಳಿ ತೊಗಟೆಯ ಭೂರ್ಜ ಮರಗಳು ಬರುತ್ತವೆ, ಹಿಂದೆ ಗ್ರಂಥ ಬರೆಯುತ್ತಿದ್ದ ಭೂರ್ಜಪತ್ರ ಇದರದೇ. ಪದರ ಪದರವಾಗಿ ತಾನೇ ಬಿಚ್ಚಿಕೊಂಡಿರುತ್ತದೆ, ಕೈ ತಡೆಯದೆ ಎಳೆದುಬಿಡುತ್ತಾರೆ. ದಯವಿಟ್ಟು ಎಳೆಯಬೇಡಿ. ಈ ಎತ್ತರದಲ್ಲಿ ಮರ ಬೆಳೆಯುವುದು ಬಹಳ ನಿಧಾನ, ಮಕ್ಕಳಿಗೆ ತೋರಿಸಬೇಕೆಂದರೆ ಫೋಟೋ ತೆಗೆಯಿರಿ, ನಾನು ತರಗತಿಯಲ್ಲಿ ತೋರಿಸುವುದೂ ಫೋಟೋವೇ.

ಎರಡನೆಯ ಹಂತ ಬರಿಯ 4 ಕಿ.ಮೀ., ಆದರೆ ಇಡೀ ಚಾರಣದ ಅಪಾಯವೆಲ್ಲ ಇಲ್ಲೇ ಇದೆ. ಭೋಜಖರಕ್ ದಾಟಿದ ಮೇಲೆ ಸ್ಪೈಡರ್ ವಾಲ್ ಎಂದು ಕರೆಯುವ ಇಳಿಜಾರು ಬಂಡೆ ಸಿಗುತ್ತದೆ. ಕಾಲಿಡುವ ಜಾಗ ಕಿರಿದು, ಕೆಳಗೆ ನದಿ. ಗೈಡ್ ಹಗ್ಗ ಕಟ್ಟಿದರೆ ಹಿಡಿದುಕೊಳ್ಳಿ, ಒಬ್ಬೊಬ್ಬರಾಗಿ ದಾಟಿ. ಅದಾದ ಮೇಲೆ ಕಲ್ಲು ಉರುಳುವ ಜಾಗ. ಬಿಸಿಲೇರಿದಂತೆ ಹಿಮ ಕರಗಿ ಮೇಲಿನ ಕಲ್ಲು ಸಡಿಲವಾಗುತ್ತದೆ, ಮೇಲೆ ಮೇಯುವ ಭರಲ್ ಎಂಬ ಕಾಡುಕುರಿಗಳ ಕಾಲಿಗೂ ಸಿಕ್ಕಿ ಉರುಳುತ್ತದೆ. ಆದ್ದರಿಂದ ಬೆಳಕು ಹರಿಯುತ್ತಲೇ ಹೊರಟು ಇದನ್ನು ದಾಟಿಬಿಡಬೇಕು. ಅಲ್ಲಿ ನಿಂತು ನೀರು ಕುಡಿಯುವುದು, ಫೋಟೋ ತೆಗೆಯುವುದು ಯಾವುದೂ ಇಲ್ಲ. ಹೆಲ್ಮೆಟ್ ಇದ್ದರೆ ಹಾಕಿಕೊಳ್ಳಿ. ಕೇದಾರಖರಕ್ ಮಾತ್ರ ಅಗಲವಾದ ಹುಲ್ಲುಗಾವಲು, ಮಧ್ಯಾಹ್ನ ಅಲ್ಲಿ ಭರಲ್‌ಗಳ ಹಿಂಡು ಹತ್ತಿರವೇ ಮೇಯುತ್ತಿರುತ್ತದೆ.

ತಾಲ್‌ಗೆ ಅಲ್ಲಿಂದ ಸುಮಾರು 5 ಕಿ.ಮೀ., ಹೆಚ್ಚಿನದು ಹಿಮನದಿ ತಂದು ಸುರಿದ ಕಲ್ಲುಗುಪ್ಪೆಯ ಮೇಲೆ. ಡೇರೆ ಕೇದಾರಖರಕ್‌ನಲ್ಲೇ ಇರಲಿ, ಸರೋವರದ ದಡದಲ್ಲಿ ಮಲಗುವ ಆಸೆ ಬೇಡ. ಐದು ಗಂಟೆಗೆ ಹೊರಟರೆ ಹತ್ತರ ಹೊತ್ತಿಗೆ ತಲುಪಬಹುದು. ಹೊರಡುವ ಮೊದಲೇ ಒಂದು ಗಂಟೆ ನಿಗದಿ ಮಾಡಿ: ಎಲ್ಲೇ ಇರಲಿ, ಹನ್ನೊಂದೂವರೆಗೆ ತಿರುಗುವುದು. ತಾಲ್ ಎದುರಿಗೇ ಕಾಣುತ್ತಿದ್ದರೂ ತಿರುಗುವುದು. ಹನ್ನೆರಡರ ಮೇಲೆ ಮೋಡ ಕವಿಯುವುದೇ ಹೆಚ್ಚು.

ತಲುಪಿದವರಿಗೆ ಎದುರಿಗೆ ಥಲಯ್ ಸಾಗರ್, 6,904 ಮೀಟರ್, ಅದರ ಕಲ್ಲಿನ ಗೋಡೆ ನೀರಿನಲ್ಲಿ ತಲೆಕೆಳಗಾಗಿ ನಿಂತಿರುತ್ತದೆ. ಪಕ್ಕದಲ್ಲಿ ಭೃಗುಪಂಥ, 6,772 ಮೀಟರ್. ಆ ಶಿಖರವನ್ನು 1980ರಲ್ಲಿ ಮೊಟ್ಟಮೊದಲು ಹತ್ತಿದ್ದು ಭಾರತ ಮತ್ತು ಅಮೆರಿಕದ ಮಹಿಳೆಯರ ತಂಡ. ಜೊತೆಗೆ ಬಂದ ಹುಡುಗಿಯರಿಗೆ ಇದನ್ನು ಅಲ್ಲೇ, ಶಿಖರ ತೋರಿಸಿಯೇ ಹೇಳುತ್ತೇನೆ. ದಡದ ಮಣ್ಣು ಸಡಿಲ, ನೀರಿನ ತೀರಾ ಅಂಚಿಗೆ ಹೋಗಬೇಡಿ, ಸ್ನಾನದ ಹಂಬಲ ಗಂಗೋತ್ರಿಯ ಘಾಟಿನಲ್ಲಿ ತೀರಿಸಿಕೊಳ್ಳಿ. ಇಲ್ಲಿಂದ ಹರಿದ ನೀರೇ ಕೆಳಗೆ ಭಾಗೀರಥಿಗೆ ಸೇರುವುದು. ಶೌಚಕ್ಕೆ ನೀರಿನಿಂದ ಕನಿಷ್ಠ ನೂರು ಹೆಜ್ಜೆ ದೂರ, ಗುಂಡಿ ತೋಡಿ ಮುಚ್ಚಿ. ಬಿಸ್ಕತ್ತಿನ ಕವರು, ಹೂವಿನ ಪ್ಲಾಸ್ಟಿಕ್, ಅಗರಬತ್ತಿಯ ಪೊಟ್ಟಣ ಎಲ್ಲ ವಾಪಸ್ ಚೀಲಕ್ಕೆ.

ಇಳಿಯುವ ದಿನ ಎಲ್ಲರಿಗೂ ಗಂಗೋತ್ರಿಯ ಬಿಸಿ ಊಟದ ಮೇಲೆ ಕಣ್ಣಿರುತ್ತದೆ, ಎಡವುವುದೂ ಆಗಲೇ. ಕಲ್ಲು ಉರುಳುವ ಜಾಗವನ್ನು ಇಳಿಯುವಾಗಲೂ ಬೆಳಿಗ್ಗೆಯೇ ದಾಟಿ. ಎರಡು ಊರುಗೋಲು ಇಟ್ಟುಕೊಳ್ಳಿ, ಚಿಕ್ಕ ಹೆಜ್ಜೆ ಹಾಕಿ, ಮಂಡಿ ಸ್ವಲ್ಪ ಬಗ್ಗಿರಲಿ. ಹೊರೆಯಾಳುಗಳ ಕೂಲಿಯನ್ನು ಗಂಗೋತ್ರಿಯಲ್ಲೇ ಅವರವರ ಕೈಗೇ ಕೊಡಿ. ಅಲ್ಲಿ ಎಟಿಎಂ ನಂಬಿಕೊಂಡು ಇರುವಂತಿಲ್ಲ, ಅದಕ್ಕೆ ಬೇಕಾದ ನಗದನ್ನು ಉತ್ತರಕಾಶಿಯಲ್ಲೇ ಎಣಿಸಿ ಬೇರೆ ಇಟ್ಟಿರಿ.